ನೀಲಿ ಬಟನ್‌ನ ಪುಟ

ಮೈಸೂರಿನಲ್ಲಿ ಒಂದು ಚಿಕ್ಕ ಆಫೀಸು. ಕನ್ನಡದಲ್ಲಿ ಪುಸ್ತಕ ಟೈಪ್ ಮಾಡಿ ಪುಟ ಜೋಡಿಸುವ ಸಾಫ್ಟ್‌ವೇರ್ ಅಲ್ಲಿ ತಯಾರಾಗುತ್ತಿತ್ತು.

ಅದನ್ನು ಬಳಸುವ ಬಗೆ ತಿಳಿಸುವ ಹೆಲ್ಪ್ ಪುಟಗಳನ್ನು ಬರೆಯುವುದು, ತಿದ್ದುವುದು ಚಂದ್ರಪ್ರಭಾ ಅವರ ಕೆಲಸ.

ಆ ಪುಟಗಳಲ್ಲಿ ಒಂದನ್ನು ಮಾತ್ರ ಅವರು ಮುಟ್ಟುತ್ತಿರಲಿಲ್ಲ...

ಹಾಡಿನ ಸಾಲುಗಳನ್ನು ಒಂದರ ಕೆಳಗೊಂದು ಒಪ್ಪವಾಗಿ ಕೂರಿಸಲು ಹಿಂದೆ ಒಂದು ನೀಲಿ ಬಟನ್ ಇತ್ತು. ಈಗ ಸಾಫ್ಟ್‌ವೇರ್ ತಾನೇ ಆ ಕೆಲಸ ಮಾಡಿಕೊಳ್ಳುವುದರಿಂದ ಬಟನ್ ತೆಗೆದುಹಾಕಿದ್ದರು.

ಬಟನ್ ಹೋಯಿತು... ಅದರ ಪುಟ ಉಳಿಯಿತು.

ಆ ಪುಟ ಬರೆದವರು ಅನಂತರಾಜಯ್ಯನವರು. ಚಂದ್ರಪ್ರಭಾಗೆ ಕೈಹಿಡಿದು ಕೆಲಸ ಕಲಿಸಿದ ಹಿರಿಯರು. ಕಳೆದ ವರ್ಷ ತೀರಿಕೊಂಡಿದ್ದರು.

ಅವರು ಬರೆದ ಉಳಿದ ಪುಟಗಳೆಲ್ಲ ತಿದ್ದಿ ತಿದ್ದಿ ಬೇರೆಯೇ ಆಗಿದ್ದವು. ಅವರ ಮಾತು ಅವರದಾಗಿಯೇ ಉಳಿದದ್ದು ಇಲ್ಲಿ ಮಾತ್ರ. ಕೊನೆಯ ಸಾಲು ಹೀಗಿತ್ತು:

"ಬಟನ್ ಕಾಣದಿದ್ದರೆ ಗಾಬರಿ ಬೇಡ. ನಿಧಾನವಾಗಿ ಇನ್ನೊಮ್ಮೆ ನೋಡಿ, ಅಲ್ಲೇ ಇರುತ್ತದೆ."

ಅದನ್ನು ಓದಿದಾಗಲೆಲ್ಲ ಗುರುಗಳು ಪಕ್ಕದಲ್ಲೇ ಕುಳಿತು ಹೇಳಿದಂತಾಗುತ್ತಿತ್ತು...

"ಏನ್ ಮೇಡಂ, ಸತ್ತ ಬಟನ್ನಿಗೆ ಇನ್ನೂ ಊದುಬತ್ತಿ ಹಚ್ತಾ ಇದ್ದೀರಾ?" ಎಂದು ಸಹೋದ್ಯೋಗಿ ಲೋಹಿತ್ ರೇಗಿಸುತ್ತಿದ್ದ.

"ಇರಲಿ ಬಿಡಪ್ಪ. ಅದು ಅಲ್ಲಿದ್ರೆ ಯಾರಿಗೇನು ತೊಂದರೆ?"

ಒಂದು ಮಧ್ಯಾಹ್ನ ಬಾಗಲಕೋಟೆಯಿಂದ ಫೋನ್ ಬಂತು.

ಶಿವಗಂಗವ್ವ ಎಂದು ಹೆಸರು. ನಿವೃತ್ತ ಟೀಚರ್. ಓಣಿಯ ಹೆಂಗಸರ ಅಕ್ಕನ ಬಳಗದಲ್ಲಿ ಹಾಡುವ ದೇವರ ಹಾಡುಗಳನ್ನೆಲ್ಲ ಟೈಪ್ ಮಾಡುತ್ತಿದ್ದರು. ಶ್ರಾವಣಕ್ಕೆ ಪುಸ್ತಕವಾಗಬೇಕಿತ್ತು.

"ಹಾಡು ಟೈಪ್ ಆದಮ್ಯಾಲ ನೀಲಿ ಬಟನ್ ಒತ್ತಬೇಕು ಅಂತ ಬರದೀರಲ್ಲವ್ವಾ... ಎಲ್ಲೈತಿ ಅದು? ಮುಂಜಾನಿಂದ ಹುಡುಕಾಕತ್ತೀನಿ, ಕಣ್ಣಿಗೆ ಬೀಳವಲ್ಲದು."

ಚಂದ್ರಪ್ರಭಾ ಉತ್ತರಿಸುವ ಮೊದಲೇ ಅವರು ಮುಂದುವರಿಸಿದರು.

"ನಿಧಾನಕ ನೋಡು, ಅಲ್ಲೇ ಇರತೈತಿ ಅಂತ ಐತಿ. ಕನ್ನಡಕ ಒರಸಿ ನೋಡ್ದೆ... ಸ್ಕ್ರೀನಿನ ಒಂದೊಂದ ಮೂಲಿಗೆ ಬೆರಳಿಟ್ಟು ನೋಡ್ದೆ... ಎಲ್ಲಾರಿಗೂ ಕಾಣೋದು ನನಗೊಬ್ಬಾಕಿಗೆ ಯಾಕ ಕಾಣವಲ್ಲದು?"

ದನಿ ಸಣ್ಣದಾಯಿತು.

"ನಮ್ಮಕ್ಕಗೂ ಹಿಂಗ ಶುರು ಆಗಿತ್ತವ್ವಾ. ಎದುರಿಗಿದ್ದ ಬಾಗಲಾ ಕಾಣತಿರಲಿಲ್ಲ ಆಕಿಗೆ. ಕಡೀಕ ನನ್ನ ಗುರ್ತನೂ ಮರತ್ಲು... ನನಗೂ ಆ ಮರವಿನ ಬ್ಯಾನಿ ಬಂತೇನ? ಮನ್ಯಾಗ ಇನ್ನೂ ಯಾರಿಗೂ ಹೇಳಿಲ್ಲ. ಈ ಪುಸ್ತಕ ನನ್ನ ಕೈಲೆ ಆಗಂಗಿಲ್ಲ, ಬ್ಯಾರೇದವರಿಗೆ ಕೊಡ್ರಿ ಅಂತ ಬಳಗದಾಗ ಹೇಳಿಬಿಡ್ತೀನಿ..."



ಧೈರ್ಯ ಹೇಳಲೆಂದು ಗುರುಗಳು ಬರೆದ ಸಾಲೇ ಈ ತಾಯಿಯ ಎದೆಯ ಮೇಲೆ ಕಲ್ಲಾಗಿ ಕುಳಿತಿತ್ತು...

"ಟೀಚರ್, ಇಲ್ಲಿ ಕೇಳಿ... ಆ ಬಟನ್ ಇಲ್ಲ."

"ಆಂ?"

"ನಿಮಗೆ ಕಾಣ್ತಿಲ್ಲ ಅಂತಲ್ಲ. ಅದು ಇಲ್ಲವೇ ಇಲ್ಲ! ನಾವೇ ತೆಗೆದುಬಿಟ್ವಿ. ಅದರ ಪುಟ ತೆಗೀದೆ ಬಿಟ್ಟವಳು ನಾನು. ನಿಮ್ಮ ಕಣ್ಣಿಗೂ ಏನಾಗಿಲ್ಲ, ತಲೆಗೂ ಏನಾಗಿಲ್ಲ."



"ಖರೇನ? ದೇವರಾಣಿ?"

"ದೇವರಾಣೆ, ಟೀಚರ್. ಈಗ ನಿಮ್ಮ ಹಾಡು ನೋಡಿ. ಸಾಲುಗಳು ಹೇಗಿವೆ?"

"ಒಂದರ ಕೆಳಗ ಒಂದು... ಅಯ್ಯ, ಛಂದ ಕುಂತಾವಲ್ಲ ಇವು!"

"ಅಷ್ಟೇ. ಈಗ ಅದು ತಾನಾಗಿಯೇ ಆಗುತ್ತೆ. ನೀವು ಯಾವ ಬಟನ್ನೂ ಒತ್ತಬೇಕಾಗಿಲ್ಲ."

"ಯಪ್ಪಾ ಶಿವನೇ..." ಎಂದವರೇ ಶಿವಗಂಗವ್ವ ಬಿಕ್ಕಿ ಬಿಕ್ಕಿ ಅತ್ತರು. ಅಳುತ್ತಲೇ ನಕ್ಕರು.

"ಏ ಹುಡುಗೀ, ನಮ್ಮ ಸಾಲ್ಯಾಗ ಇದ್ದಿದ್ರ ನಿನ್ನ ಕಿವಿ ಹಿಂಡತಿದ್ದೆ ನೋಡು!"

"ಹಿಂಡಿ ಟೀಚರ್. ಹಿಂಡಿಸಿಕೊಳ್ಳಬೇಕಾದ್ದೇ."

"ಆದ್ರ ಅದನ್ನ ಬರದವರು ಯಾರವ್ವಾ? ಭಾಳ ಸಮಾಧಾನದ ಮನಷ್ಯಾ ಇದ್ದಂಗ ಕಾಣತಾರ."

"ನಮ್ಮ ಗುರುಗಳು... ಈಗಿಲ್ಲ. ಅದಕ್ಕೇ ತೆಗೆಯೋಕೆ ಮನಸ್ಸು ಬರಲಿಲ್ಲ."

 ಶಿವಗಂಗವ್ವ ಮೆಲ್ಲಗೆ ಹೇಳಿದರು.

"ತಗದಬಿಡವ್ವಾ. ನನ್ನಂಥಾಕಿಗೆ ದಾರಿ ತೋರ್ಸಾಕ ಅಂತ ಬರದಿದ್ರು ಅವರು. ಅವರ ಮಾತು ದಾರಿ ತಪ್ಪಸೂದು ಬ್ಯಾಡ. ಅವರಿಗೂ ಸಮಾಧಾನ ಆಗತೈತಿ."

ದೇವರು ಯಾರ ಬಾಯಿಂದ ಯಾರಿಗೆ ಹೇಳಿಸುತ್ತಾನೋ...

ಫೋನ್ ಇಟ್ಟ ಮೇಲೆ ಚಂದ್ರಪ್ರಭಾ ಆ ಪುಟವನ್ನು ಕೊನೆಯ ಸಲ ಓದಿದರು. ಮನಸ್ಸಿನಲ್ಲೇ ಗುರುಗಳಿಗೆ ಕೈಮುಗಿದರು. ಪುಟ ಅಳಿಸಿದರು.

ಹೊಸ ಬದಲಾವಣೆಗಳನ್ನು ತಿಳಿಸುವ ಪುಟದಲ್ಲಿ ಒಂದೆರಡು ಮಾತು ಸೇರಿಸಿದರು:

"ನೀಲಿ ಬಟನ್ ಈಗ ಇಲ್ಲ. ಗಾಬರಿ ಬೇಡ. ಹಾಡಿನ ಸಾಲುಗಳು ತಾವಾಗಿಯೇ ಕೂರುತ್ತವೆ."

ನಡುವಿನ ಆ ಎರಡು ಪದ ಮಾತ್ರ ಗುರುಗಳದು...

"ಮೇಡಂ... ಅಳ್ತಾ ಇದ್ದೀರಾ?" ಲೋಹಿತ್ ಹೆದರಿ ಕೇಳಿದ. "ನಾನು ಸುಮ್ಮನೆ ತಮಾಷೆಗೆ ಅಂದಿದ್ದು..."

"ಇಲ್ಲಪ್ಪ," ಎಂದು ಅವರು ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು. "ಎಷ್ಟೋ ದಿನದ ಮೇಲೆ ಮನಸ್ಸು ಹಗುರಾಯ್ತು."

ಹೋದವರ ಮಾತು ಹಳತಾಗಬಹುದು. ಆ ಮಾತಿನೊಳಗಿನ ಕರುಣೆಯನ್ನು ಉಳಿಸಿಕೊಂಡರೆ ಅವರು ನಮ್ಮೊಡನೆ ಇದ್ದಂತೆಯೇ.

ನಾವು ಪ್ರೀತಿಯಿಂದ ಉಳಿಸಿಕೊಂಡದ್ದು ಯಾವುದಾದರೂ, ಪಾಪ, ಇನ್ನೊಬ್ಬರನ್ನು ಇಲ್ಲದ್ದಕ್ಕಾಗಿ ಹುಡುಕಾಡಿಸುತ್ತಿದೆಯೇ?