ಗಂಡುಹಂದಿ ಬೇಕಾಗಿದೆ

"ಒಂದೇ ಒಂದು ಗಂಡು ಕೊಡಿ ಮೇಡಂ. ಎರಡು ತಿಂಗಳಲ್ಲಿ ವಾಪಸ್ ತಂದು ಬಿಡ್ತೀನಿ," ಎಂದು ಹಂದಿಯಕ್ಕ ಗೇಟಿನಾಚೆಯಿಂದಲೇ ಕೇಳಿದಳು. ಅವಳ ಬೆನ್ನ ಹಿಂದೆ ಖಾಲಿ ಗಾಡಿ ನಿಂತಿತ್ತು.

ಊರವರು ಅವಳಿಗೆ ಆ ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಜೋಲುಗಿವಿ ಕಣ್ಣು ಮುಚ್ಚುವ, ಕರಿಮೈಗೆ ಬಿಳಿಪಟ್ಟಿ ಸುತ್ತಿದಂತಿರುವ ಆ ಹಳೆಯ ತಳಿ ಈಗ ಉಳಿದಿದ್ದರೆ ಅವಳ ಹುಲ್ಲುಗಾವಲಿನಿಂದ ಮಾತ್ರ. ಐದೇ ತಿಂಗಳಲ್ಲಿ ಉಬ್ಬುವ ಬಿಳಿಹಂದಿ ಬಂದ ಮೇಲೆ, ಬೇರು ಕೆದಕುತ್ತಾ ವರ್ಷಗಟ್ಟಲೆ ಮೇಯುವ ಈ ಸೋಮಾರಿಗಳು ಯಾರಿಗೆ ಬೇಕು? ಅವಳು ಶುರು ಮಾಡಿದಾಗ ಇದ್ದದ್ದು ಮೂರು. ಮೇಯ್ದ ಹಂದಿಯ ಮಾಂಸದ ರುಚಿ ಬಾಯಿಂದ ಬಾಯಿಗೆ ಹಬ್ಬಿತು. ತಿನ್ನುವವರು ಹೆಚ್ಚಿದ ಹಾಗೆ ಹಂದಿಗಳೂ ಹೆಚ್ಚಿದವು.

ಆರು ತಿಂಗಳ ಹಿಂದೆ ಮಾಂಸ ಕೊಳ್ಳಲು ಬಂದ ಈ ಮೇಡಂ, ಮರಿಗಳ ಮೂತಿ ನೋಡಿ ಕರಗಿ ನೀರಾಗಿ, ಒಂಬತ್ತನ್ನೂ ಸಾಕಲೆಂದು ಕೊಂಡೊಯ್ದಿದ್ದರು. ತಳಿಗೆ ಇನ್ನೊಂದು ಮನೆಯಾಯಿತಲ್ಲ ಎಂದು ಹಂದಿಯಕ್ಕನಿಗೆ ಆವತ್ತು ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹೋದ ವಾರ ಅವಳ ಬಳಿ ಇದ್ದ ಒಂದೇ ಗಂಡು ಹಾವು ಕಚ್ಚಿ ಸತ್ತಾಗಲೂ ಅವಳು ಎದೆಗುಂದದೆ ಇದ್ದದ್ದು ಈ ಮನೆಯನ್ನು ನಂಬಿ.

"ಗಂಡು ಯಾಕಮ್ಮ?" ಮೇಡಂ ಕೇಳಿದರು.

"ಹೆಣ್ಣುಗಳ ಜೊತೆ ಬಿಡೋಕೆ."

"ಅಯ್ಯೋ, ಆ ತಾಪತ್ರಯವೆಲ್ಲ ಇವಕ್ಕಿಲ್ಲ! ಗಂಡು, ಹೆಣ್ಣು ಎಲ್ಲಕ್ಕೂ ಆಪರೇಷನ್ ಮಾಡಿಸಿಬಿಟ್ಟೆ. ಡಾಕ್ಟರು ಒಂದು ವಾರ ಇಲ್ಲೇ ಇದ್ದರು." ಮೇಡಂ ಹೆಮ್ಮೆಯಿಂದ ಅಂಗಳದ ಕಡೆ ಕೈ ತೋರಿದರು. ಒಂಬತ್ತೂ ಮೆತ್ತನೆಯ ಹಾಸಿಗೆಯ ಮೇಲೆ ದುಂಡಗೆ ಮಲಗಿದ್ದವು. ಒಂದೊಂದರ ಕೊರಳಿಗೂ ಹೆಸರು ಕೆತ್ತಿದ ಬಿಲ್ಲೆ. "ಇನ್ನು ಈ ಜಾತಿಯನ್ನ ಯಾರೂ ಕೊಂದು ತಿನ್ನೋಕಾಗಲ್ಲ."

"ಹೌದು ಮೇಡಂ. ಇನ್ನು ಯಾರಿಗೂ ಸಿಗೋದೇ ಇಲ್ಲ," ಅಂದಳು ಹಂದಿಯಕ್ಕ.

ಮೇಡಂ ಅದನ್ನು ಹೊಗಳಿಕೆ ಎಂದೇ ತಿಳಿದು, ಕಾಫಿ ಕುಡಿದು ಹೋಗಿ ಎಂದರು.

ಕುಡಿಯದೆ ಹೊರಟವಳು ಸೀದಾ ಭಾವನ ಮಾಂಸದಂಗಡಿಗೆ ಬಂದಳು. ಅಕ್ಕನ ಗಂಡ. ಇಷ್ಟು ವರ್ಷ ಅವಳ ಹಂದಿಗಳನ್ನೆಲ್ಲ ಕಡಿದವನು ಅವನೇ. ಬೇರೆಯವರು ಹೇಳುವ ಮುಂಚೆ ತಾನೇ ಹೇಳಬೇಕು.

"ಭಾವ, ಇನ್ನು ನನ್ನಿಂದ ಹಂದಿ ಬರಲ್ಲ. ಗಂಡೇ ಇಲ್ಲ. ಇರೋ ಐದು ಹೆಣ್ಣಲ್ಲಿ ಒಂದೂ ಗಬ್ಬ ಇಲ್ಲ, ಅವು ಮುದಿಯಾದರೆ ಕಥೆ ಮುಗೀತು."

ಭಾವ ಕತ್ತಿ ಕೆಳಗಿಟ್ಟು, "ಹಿತ್ತಲಿಗೆ ಬಾ," ಅಂದ.

ಹಿತ್ತಲಲ್ಲಿ ಜೋಲುಗಿವಿಯ ಗಂಡೊಂದು ಬೇಲಿಯ ಬುಡ ಅಗೆಯುತ್ತಿತ್ತು. "ತಾಯಿ ಹಾಲು ಕೊಡ್ತಿಲ್ಲ, ಇದು ಬದುಕಲ್ಲ ಅಂತ ನೀನೇ ತಂದು ಬಿಟ್ಟು ಹೋಗಿದ್ದೆಯಲ್ಲ, ಅದೇ ಪೀಚು. ತೂಕ ಬರಲಿ, ಕಡಿಯೋಣ ಅಂತ ಇಟ್ಕೊಂಡೆ. ಬೀಜ ತೆಗೆಸೋಣ ಅಂದ್ರೆ ಡಾಕ್ಟರು ಯಾರೋ ಮೇಡಂ ಮನೇಲೇ ಠಿಕಾಣಿ. ಆಮೇಲೆ ನನಗೂ ಮರೆತುಹೋಯ್ತು."

ಹಂದಿಯಕ್ಕ ಬಗ್ಗಿ ಹಿಂದಿನಿಂದ ನೋಡಿದಳು. ಎರಡೂ ಇದ್ದವು. ಅಲ್ಲೇ ಕೆಸರಿನಲ್ಲಿ ಕುಕ್ಕರಿಸಿ ಕೂತುಬಿಟ್ಟಳು.

"ಕರ್ಕೊಂಡು ಹೋಗು. ಆದರೆ ಒಂದು ಮಾತು," ಭಾವ ಬೆರಳೆತ್ತಿದ. "ಇದರ ಮರಿಗಳನ್ನ ಕಡಿಯೋನು ನಾನೇ."

"ನಿಮ್ಮ ಬಾಯಿಗೆ ಸಕ್ಕರೆ ಬೀಳಲಿ, ಭಾವ!" ಅಂದಳು ಹಂದಿಯಕ್ಕ, ಕಣ್ಣೊರೆಸಿಕೊಳ್ಳುತ್ತಾ.