ದ್ವೀಪಕ್ಕೆ ಬಂದ ಕುಕ್ಕರ್

"ಬಟ್ಟೆ ಮಧ್ಯೆ ಸುತ್ತಿ ಕುಕ್ಕರ್ ತಂದಿದ್ದೀರಲ್ಲ, ನಿಮಗೆ ಮನುಷ್ಯತ್ವ ಇದೆಯೇನ್ರೀ?" ಹೆಂಡತಿ ಚಾಕುವನ್ನು ಹಲಗೆಯ ಮೇಲೆ ಕುಕ್ಕಿದಳು.

"ಹೊರಗಿನ ಊಟ ನನ್ನ ಹೊಟ್ಟೆಗೆ ಆಗಿಬರಲ್ಲ ಅಂತ ಗೊತ್ತಿಲ್ವಾ? ಅದಕ್ಕೇ ಅಡುಗೆಮನೆ ಇರೋ ರೂಮ್ ಹಿಡಿದಿದ್ದು," ಎಂದ ಗಂಡ, ಮಂಚ ಬಿಟ್ಟು ಏಳದೆ. "ಎದುರಿಗೇ ಸಮುದ್ರ ಇದೆ. ಈರುಳ್ಳಿ ಹೆಚ್ಚುತ್ತಾನೇ ನೋಡು, ಯಾರು ಬೇಡ ಅಂದ್ರು?"

ದ್ವೀಪಕ್ಕೆ ಬಂದು ನಾಲ್ಕು ದಿನವಾಗಿತ್ತು. ಒಲೆಯ ಮೇಲಿನ ಕಿಟಕಿಯಲ್ಲಿ ಅಂಗೈಯಗಲ ಸಮುದ್ರ ಕಾಣುತ್ತಿತ್ತು. ದಡದಲ್ಲಿ ಜನ ಎಳನೀರು ಕುಡಿಯುತ್ತಿದ್ದರು, ಕೆಂಡದ ಮೇಲೆ ಸುಟ್ಟ ಮೀನನ್ನು ಬೆರಳು ನೆಕ್ಕಿಕೊಂಡು ತಿನ್ನುತ್ತಿದ್ದರು. ಅವಳು ಮಾತ್ರ ಮನೆಯಲ್ಲಿ ಮಾಡುವುದನ್ನೇ ಇಲ್ಲೂ ಮಾಡಿ, ಯಾರದೋ ಸಿಂಕಿನಲ್ಲಿ ಪಾತ್ರೆ ತಿಕ್ಕಿದ್ದಳು. ತಳಕ್ಕೆ ಗಾಜು ಹಾಕಿದ ದೋಣಿಯಲ್ಲಿ ಕೂತು ನೀರಿನಡಿಯ ಹವಳ ನೋಡಬೇಕೆಂಬುದೊಂದೇ ಅವಳ ಆಸೆ. ನಾಳೆ ಬೆಳಗಾದರೆ ವಾಪಸ್ ಹೊರಡಬೇಕು. ಇವತ್ತಿನ ಕೊನೆಯ ದೋಣಿ ಹನ್ನೊಂದಕ್ಕೆ. ಆಗಲೇ ಹತ್ತೂಮುಕ್ಕಾಲು.

ಕುಕ್ಕರ್ ಒಂದು ಸಲ ಕೂಗಿತು.

"ಊಟ ಮುಗಿಸಿ ಹೋದರಾಯ್ತು ಬಿಡು."

"ಮೂರು ದಿನದಿಂದ ಅದನ್ನೇ ಹೇಳ್ತಿದ್ದೀರಿ." ಅವಳ ದನಿಯಲ್ಲಿ ಸಿಟ್ಟೂ ಉಳಿದಿರಲಿಲ್ಲ, ಬರೀ ಸುಸ್ತಿತ್ತು. ಕೈ ಒರೆಸಿಕೊಂಡು ಚಪ್ಪಲಿ ಮೆಟ್ಟಿದಳು. "ಮೂರು ಕೂಗಿದ ಮೇಲೆ ಒಲೆ ಆರಿಸಿ."

"ಲೇ, ಯಾವ ಕಡೆ ತಿರುಗಿಸೋದೇ ಇದನ್ನ?"

ಅವಳು ಆಗಲೇ ಬಾಗಿಲು ದಾಟಿದ್ದಳು. ಕುಕ್ಕರ್ ಐದನೇ ಸಲ ಕೂಗುವಾಗ ಗಂಡ ಒಲೆಯ ತಿರುಪು ಹಿಡಿದು ನಿಂತಿದ್ದ. ಅಂಗೈಯಗಲದ ಸಮುದ್ರದಲ್ಲಿ ದೋಣಿ ಹೊರಟಿತ್ತು. ಅದರೊಳಗೆ ಅವಳು ಬಗ್ಗಿ ಕೂತು ನೀರಿನಡಿಯನ್ನೇ ನೋಡುತ್ತಿದ್ದಳು.