ಗಡಿಯಾರದ ಕಾಲಡಿಯ ಅಡಿಕೆ ಹೋಳು

ಮೊನ್ನೆ ಧೂಳು ಒರೆಸಲೆಂದು ತಾತನ ಗಡಿಯಾರ ಎತ್ತಿದಾಗ ಅದರ ಕಾಲಡಿಯಲ್ಲಿ ಕಪ್ಪಾದ ಅಡಿಕೆ ಹೋಳೊಂದು ಕಂಡಿತು. ಮೂಸಿದರೆ ಇನ್ನೂ ಅಜ್ಜಿಯ ಎಲೆಅಡಿಕೆ ಚೀಲದ ವಾಸನೆ.

ಆ ಹೋಳು ಅಲ್ಲಿಗೆ ಸೇರಿದ್ದು ಜಂಗಮಕೋಟೆಯ ನಮ್ಮ ಮನೆಗೆ ಕರೆಂಟು ಬಂದ ವರ್ಷ. ನಂದಿಬೆಟ್ಟದ ಬಂಗಲೆಯೊಂದರ ಹರಾಜಿನಲ್ಲಿ ತಾತ ತಂದಿದ್ದ ಆ ಗಡಿಯಾರಕ್ಕೆ ಬೆಣ್ಣೆಯಂಥ ಅಮೃತಶಿಲೆಯ ಮೈ, ಅದರ ಸುತ್ತ ಚಿನ್ನದ ನೀರು ಕುಡಿಸಿದ ಕಂಚಿನ ಬಳ್ಳಿ. ತಾತ ತೀರಿಕೊಂಡ ಮೇಲೆ, ಸುಣ್ಣ ಬಳಿಯಲು ಇಳಿಸಿ ಮತ್ತೆ ಗೋಡೆಯ ಗೂಡಿನಲ್ಲಿಟ್ಟಾಗಿನಿಂದ ಅದು ಕೆಟ್ಟಿತ್ತು. ಕೀಲಿ ಕೊಟ್ಟರೆ ಸ್ವಲ್ಪ ಹೊತ್ತು ನಡೆದು ನಿಂತುಬಿಡುತ್ತಿತ್ತು.

"ಶಿಡ್ಲಘಟ್ಟದ ಗುಜರಿಗೆ ಹಾಕ್ಬರ್ತೀನಿ, ಬಸ್ಸು ಬರೋ ಹೊತ್ತಾಯ್ತು," ಎಂದು ಚಿಕ್ಕಪ್ಪ ಗೋಣಿಚೀಲ ಬಿಡಿಸಿದ.

"ನಿಮ್ಮಪ್ಪ ಎದೆಗವಚಿಕೊಂಡು ತಂದಿದ್ದು ಕಣೋ. ಇನ್ನೊಂದ್ಸಲ ಕೀಲಿ ಕೊಡು," ಎಂದಳು ಅಜ್ಜಿ.

"ಏನಮ್ಮ, ಕಷಾಯ ಕುಡಿಸ್ತೀಯಾ ಅದಕ್ಕೆ?" ಎನ್ನುತ್ತಲೇ ಚಿಕ್ಕಪ್ಪ ಕೀಲಿ ಕೊಟ್ಟ.

ಅಜ್ಜಿ ಕಣ್ಣು ಮುಚ್ಚಿ ತಣ್ಣನೆಯ ಕಲ್ಲಿಗೆ ಕಿವಿಯಿಟ್ಟಳು. "ಇಬ್ಬರು ಸೇರಿ ಭತ್ತ ಕುಟ್ಟಿದಂಗೈತೆ. ಒಬ್ಬಳ ಒನಕೆ ಬೇಗ ಬೀಳ್ತೈತೆ, ಇನ್ನೊಬ್ಬಳದು ತಡ. ಯಾರೋ ಒಬ್ಬಳು ತಗ್ಗಲ್ಲಿ ನಿಂತವಳೆ."

ಎಲೆಅಡಿಕೆ ಚೀಲದಿಂದ ಒಂದು ಹೋಳು ತೆಗೆದು ಗಡಿಯಾರದ ಎಡಗಾಲಿನ ಕೆಳಗೆ ತೂರಿಸಿದಳು. ಒನಕೆಗಳೆರಡೂ ಸಮನಾಗಿ ಬೀಳತೊಡಗಿದವು. ನಾವು ಮಕ್ಕಳು ಗೂಡಿನ ಮುಂದೆ ಗುಂಪುಗೂಡಿದೆವು. ಹೊರಗೆ ಬಸ್ಸು ಹಾರನ್ ಹೊಡೆದು ಹೊರಟೇಹೋಯಿತು, ಚಿಕ್ಕಪ್ಪ ಕದಲಲಿಲ್ಲ. ದೊಡ್ಡ ಮುಳ್ಳು ಹನ್ನೆರಡನ್ನು ಮುಟ್ಟಿತು. ಠಣ್! ನಡುಮನೆ ತುಂಬ ಠಣ್ ಠಣ್! ನಾವು ಕುಣಿದಾಡಿಬಿಟ್ಟೆವು.

ಅಜ್ಜಿ ಇನ್ನೊಂದು ಹೋಳು ಬಾಯಿಗೆಸೆದುಕೊಂಡು ಹೇಳಿದಳು: "ಆ ಗೋಣಿಚೀಲ ಮಡಚಿಡಪ್ಪ, ರೇಷ್ಮೆ ಹುಳಕ್ಕೆ ಸೊಪ್ಪು ತರಕ್ಕಾಯ್ತದೆ."